ಹೂಂ ಎಂದರೆ ನಿಲ್ಲಿಸು ಎಂದಲ್ಲ

ಡೊಂಬಿವಲಿಯಲ್ಲಿರುವ ಅಮ್ಮ ತಮ್ಮ ಬ್ಯಾಂಕಿಗೆ ಫೋನ್ ಮಾಡಿದರೆ ಎತ್ತುವುದು ಯಂತ್ರ. ಅದು ಖಾತೆಯ ವಿವರ ಹೇಳತೊಡಗುತ್ತದೆ, ಅಮ್ಮ ರೂಢಿಯಂತೆ "ಹೂಂ" ಎನ್ನುತ್ತಾರೆ. ಯಂತ್ರ ಥಟ್ಟನೆ ನಿಲ್ಲುತ್ತದೆ. ಅರ್ಥವಾಗಲಿಲ್ಲ ಎಂದು ಹೇಳಿ ಮೊದಲಿನಿಂದ ಶುರುಮಾಡುತ್ತದೆ. ಅಮ್ಮ ಮತ್ತೆ "ಹೂಂ". ಮೂರನೆಯ ಸಲಕ್ಕೆ ಕರೆ ಕಡಿದುಹೋಗುತ್ತದೆ.

ಕಥೆ ಹೇಳುವ ಅಜ್ಜಿಗೆ ಹೂಂಗುಟ್ಟುವವರು ಬೇಕು. ಹೂಂ ನಿಂತರೆ ಮಗು ಮಲಗಿತು, ಕಥೆಯೂ ಮಲಗಿತು. ನಮ್ಮಲ್ಲಿ ಹೂಂ ಎಂದರೆ ಕೇಳುತ್ತಿದ್ದೇನೆ, ಮುಂದುವರಿಸು ಎಂದು. ಯಂತ್ರ ಅದನ್ನು ತಲೆಕೆಳಗು ಮಾಡಿಕೊಂಡಿದೆ.

ಯಂತ್ರದ ಮಾತಿನ ನಡುವೆ ಬಾಯಿ ಹಾಕುವುದನ್ನು ತಂತ್ರಜ್ಞರು 'ಬಾರ್ಜ್ ಇನ್' ಎನ್ನುತ್ತಾರೆ. ಯಂತ್ರ ಮೊದಲು ತನ್ನದೇ ದನಿಯ ಪ್ರತಿಧ್ವನಿಯನ್ನು ಕಳೆದುಬಿಡುತ್ತದೆ. ಉಳಿದ ಸದ್ದಿನಲ್ಲಿ ಮನುಷ್ಯದನಿಯ ಸುಳಿವು ಸಿಕ್ಕರೆ ಸಾಕು, ತನ್ನ ಮಾತು ಕತ್ತರಿಸುತ್ತದೆ. ಯಾರ ದನಿ, ಏಕೆ ಬಂತು ಎಂಬ ವಿಚಾರಣೆ ಆ ಹಂತದಲ್ಲಿಲ್ಲ. ಶಾಂತವಾದ ಕೋಣೆಯಲ್ಲಿ ಇದು ನಡೆದೀತು. ಕುರ್ಲಾ ದಾಟಿದ ಲೋಕಲ್‌ನಲ್ಲಿ ನಿಂತು ಕರೆ ಮಾಡಿ ನೋಡಿ. "ಪುಢೀಲ್ ಸ್ಟೇಷನ್ ದಾದರ್" ಎಂಬ ಘೋಷಣೆ ಮರಾಠಿಯಲ್ಲಿ ಬರುತ್ತದೆ, ಹಿಂದೆಯೇ ಹಿಂದಿ, ಇಂಗ್ಲಿಷ್. ಫೋನಿನೊಳಗಿನ ಯಂತ್ರ ಮೂರಕ್ಕೂ ತಡವರಿಸುತ್ತದೆ. ಒಂದು ಯಂತ್ರದ ಮಾತಿಗೆ ಇನ್ನೊಂದು ಯಂತ್ರ ಬಾಯಿ ಹಾಕಿದೆ. ನಡುವೆ ನಿಂತವರ ಕೆಲಸ ಕೆಟ್ಟಿದೆ.

ಪರಿಹಾರ ಯಾರಿಗೂ ಹೊಳೆದಿಲ್ಲವೆಂದಲ್ಲ. ಇಂಥ ಫೋನ್ ಯಂತ್ರಗಳ ಮಾತುಕತೆಯನ್ನು ಬರೆದಿಡುವ ಭಾಷೆ, 2004ರಲ್ಲಿ ಮಾನ್ಯವಾದ ವಾಯ್ಸ್ಎಕ್ಸ್ಎಂಎಲ್ 2.0, ಎರಡು ದಾರಿ ಕೊಟ್ಟಿತ್ತು: ಯಾವ ಮಾತು ಕೇಳಿದರೂ ನಿಲ್ಲುವುದು, ಇಲ್ಲವೇ ಗೊತ್ತುಮಾಡಿದ ಪದ ಕೇಳಿದರೆ ಮಾತ್ರ ನಿಲ್ಲುವುದು. ಎರಡನೆಯದರಲ್ಲಿ ಅಮ್ಮನ ಹೂಂ ಬದುಕುತ್ತದೆ. ಆದರೆ ಪದಗಳ ಪಟ್ಟಿ ಯಾರದು? ಮುಂಬಯಿ ಕನ್ನಡಿಗರ ಬಾಯಿಂದ ಅವಸರಕ್ಕೆ ಹೊರಡುವುದು ಥಾಂಬಾ, ರುಕೋ, ತಡೀರಿ, ಉಂತುಲೆ, ಇವುಗಳಲ್ಲಿ ಯಾವುದೂ ಆಗಬಹುದು.

ರೈಲ್ವೆಯ 139 ಈ ವಿಷಯದಲ್ಲಿ ನನಗೆ ಮೆಚ್ಚುಗೆಯಾದದ್ದು. 2020ರ ಜನವರಿಯಲ್ಲಿ ಹಲವು ಸಹಾಯವಾಣಿಗಳು ಅದರೊಳಗೆ ಸೇರಿದವು, 12 ಭಾಷೆಗಳು ಬಂದವು. ಭದ್ರತೆಗೂ ವೈದ್ಯಕೀಯ ನೆರವಿಗೂ 1 ಒತ್ತಿದರೆ ಮನುಷ್ಯರೇ ಸಿಗುತ್ತಾರೆ. ಗುಂಡಿಯ ಸದ್ದನ್ನು ಯಂತ್ರ ಹೂಂ ಎಂದು ತಪ್ಪು ತಿಳಿಯಲಾರದು. ಹಳೆಯ ಉಪಾಯವೇ, ಆದರೆ ಆಪತ್ತಿನಲ್ಲಿರುವವರನ್ನು ಕಾಯಿಸುವುದಿಲ್ಲ.

ಈಗಿನ ಪೈಪೋಟಿ ವೇಗದ್ದು. 2024ರ ಮೇ ತಿಂಗಳಲ್ಲಿ ಓಪನ್ಎಐ ತೋರಿಸಿದ ದನಿ ಮಧ್ಯೆ ಮಾತಾಡಿದರೆ ತಾನೇ ನಿಲ್ಲುತ್ತಿತ್ತು, ಸರಾಸರಿ 320 ಮಿಲಿಸೆಕೆಂಡಿನಲ್ಲಿ ಉತ್ತರಿಸಬಲ್ಲದು ಎಂದು ಕಂಪನಿ ಹೇಳಿತು. ಮನುಷ್ಯರ ಮಾತುಕತೆಯಲ್ಲಿ ಸರದಿ ಬದಲಾಗುವ ಬಿಡುವು ಸುಮಾರು 200 ಮಿಲಿಸೆಕೆಂಡ್ ಎಂದು 2009ರ ಅಧ್ಯಯನವೊಂದು 10 ಭಾಷೆಗಳನ್ನು ಅಳೆದು ಕಂಡುಕೊಂಡಿತ್ತು. ಆ ಹತ್ತರಲ್ಲಿ ನಮ್ಮ ದೇಶದ ಭಾಷೆ ಒಂದೂ ಇಲ್ಲ. ನನ್ನ ತಕರಾರು ಬೇರೆ: ಬೇಗ ನಿಂತ ಯಂತ್ರ ತಾನು ಎಲ್ಲಿ ನಿಂತೆ ಎಂದು ಬಲ್ಲದೇ? ವಾಕ್ಯವನ್ನು ಅದು ಮೊದಲೇ ಸಿದ್ಧಮಾಡಿಟ್ಟಿರುತ್ತದೆ. ಅರ್ಧಕ್ಕೆ ತಡೆದಾಗ, ನಮ್ಮ ಕಿವಿಗೆ ಬಿದ್ದದ್ದೆಷ್ಟು ಎಂದು ಲೆಕ್ಕ ಇಡದಿದ್ದರೆ, ಕಂತು ಕಟ್ಟುವ ಕೊನೆಯ ದಿನವನ್ನೂ ಹೇಳಿಯಾಯಿತು ಎಂದೇ ಅದು ನಂಬಿರುತ್ತದೆ.

ಮಳೆಗಾಲದಲ್ಲಿ ಊರಿನ ಅರ್ಥಧಾರಿಗಳು ಮುಂಬಯಿಗೆ ಬಂದು ತಾಳಮದ್ದಳೆ ನಡೆಸುತ್ತಾರೆ. ಎದುರಾಳಿಯ ಹೂಂಕಾರ ಅವರಿಗೆ ಮಾತಿನ ಮೆಟ್ಟಿಲು. ಅದೇ ಎದುರಾಳಿ ಪ್ರಶ್ನೆ ಎಸೆದು ಅಡ್ಡಗಟ್ಟಿದರೆ ನಿಂತು ಉತ್ತರ ಕೊಟ್ಟು, ಬಿಟ್ಟ ಎಳೆಯನ್ನು ಎತ್ತಿಕೊಂಡು ಮುಂದೆ ಹೋಗುತ್ತಾರೆ. ಹೂಂಕಾರಕ್ಕೂ ತಕರಾರಿಗೂ ಇರುವ ಈ ಅಂತರವನ್ನು ಯಂತ್ರ ಕಟ್ಟುವವರು ಮೊದಲು ಅಳೆಯಬೇಕಿತ್ತು.

ಅಮ್ಮ ಈಗ ಬ್ಯಾಂಕಿಗೆ ಫೋನ್ ಮಾಡುವಾಗ ಉಸಿರು ಬಿಗಿಹಿಡಿದು ಕೂರುತ್ತಾರೆ. ಹೂಂ ಬಂದೇ ಬಿಟ್ಟಿತು ಅನ್ನುವಾಗ ಅಂಗೈಯಿಂದ ಫೋನಿನ ಬಾಯಿ ಮುಚ್ಚುತ್ತಾರೆ.