ಬಾಗಿಲ ಬರಹವೂ ಬೇಲಿಯ ಫಲಕವೂ: ಸಿಗಂದೂರಿನ ಹಿನ್ನೆಲೆಯಲ್ಲಿ ಮೆಜುಜಾ

ಶರಾವತಿ ಹಿನ್ನೀರಿನ ದಂಡೆಯ ಸಿಗಂದೂರು ಚೌಡೇಶ್ವರಿಯ ಹೆಸರು ಹೊತ್ತ ಫಲಕಗಳು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ತೋಟಗಳ ಬೇಲಿಯಲ್ಲಿ, ಮನೆಗಳ ಗೇಟಿನಲ್ಲಿ, ಅಂಗಡಿಗಳ ಮುಂದೆ ಕಾಣಸಿಗುತ್ತವೆ. ಈ ಸ್ವತ್ತಿಗೆ ದೇವಿಯ ಕಾವಲಿದೆ ಎಂಬುದು ಅವುಗಳ ಒಕ್ಕಣೆಯ ಸಾರ. 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೆ ಭಕ್ತರು ಅಂಬಾರಗೋಡ್ಲಿನಿಂದ ಲಾಂಚ್ ಹತ್ತಿ ದೇವಿಯ ಬಳಿಗೆ ಹೋಗಬೇಕಿತ್ತು. ಫಲಕಗಳು ಅದಕ್ಕೆ ಬಹಳ ಮುಂಚೆಯೇ ನೀರು ದಾಟಿ ಊರೂರು ತಲುಪಿದ್ದವು.

ಯೆಹೂದ್ಯರ ಮನೆಬಾಗಿಲಿನ ಮೆಜುಜಾವನ್ನು ಕನ್ನಡ ಓದುಗರಿಗೆ ಪರಿಚಯಿಸುವಾಗ ಈ ಫಲಕದ ನೆನಪಾಗುವುದು ಸಹಜ. ಎರಡೂ ಬರಹಗಳು, ಎರಡೂ ಎಲ್ಲೆಯಲ್ಲಿ ನಿಲ್ಲುವಂಥವು. ಆದರೆ ಇಷ್ಟರಿಂದಲೇ ಎರಡನ್ನೂ ತಾಯತವೆಂಬ ಒಂದು ಮಾತಿನಡಿ ತರುವ ತೌಲನಿಕತೆ ಎರಡಕ್ಕೂ ನ್ಯಾಯ ಸಲ್ಲಿಸದು.

ಮೆಜುಜಾ ಎಂಬ ಹೀಬ್ರೂ ಪದಕ್ಕೆ ಬಾಗಿಲ ನಿಲುವು ಎಂದೇ ಮೂಲಾರ್ಥ. ಕನ್ನಡ ಬೈಬಲು ಧರ್ಮೋಪದೇಶಕಾಂಡವೆಂದು ಕರೆಯುವ ಗ್ರಂಥದ 6 ಮತ್ತು 11ನೆಯ ಅಧ್ಯಾಯಗಳು ದೇವರ ಮಾತನ್ನು ಮಕ್ಕಳಿಗೆ ಕಲಿಸಬೇಕೆಂದೂ, ಕೂತಾಗ, ನಡೆವಾಗ, ಮಲಗುವಾಗ, ಏಳುವಾಗ ಅದನ್ನು ಆಡುತ್ತಿರಬೇಕೆಂದೂ, ಬಾಗಿಲ ನಿಲುವಿನ ಮೇಲೆ ಬರೆಯಬೇಕೆಂದೂ ವಿಧಿಸುತ್ತವೆ. ಈ ಎರಡು ಭಾಗಗಳ 713 ಅಕ್ಷರಗಳನ್ನು ನುರಿತ ಲಿಪಿಕಾರ ಚರ್ಮಪತ್ರದ ಮೇಲೆ ಕೈಯಿಂದಲೇ ಬರೆಯಬೇಕು. ಒಂದಕ್ಷರ ಕೆಟ್ಟರೂ ಅದು ಅನರ್ಹ. ಅಚ್ಚಿನ ಪ್ರತಿ ಸಲ್ಲದು. ಮನೆಯ ಮೆಜುಜಾವನ್ನು ಏಳು ವರ್ಷಕ್ಕೆ ಎರಡು ಬಾರಿ ಪರೀಕ್ಷಿಸಬೇಕೆಂಬ ನಿಯಮವಿದ್ದು, ಈಗ ಅದರ ಅಕ್ಷರಶೋಧನೆಗೆ ಗಣಕಯಂತ್ರವೂ ನೆರವಾಗುತ್ತದೆ. ಯಂತ್ರ ತಪ್ಪು ಹುಡುಕಬಹುದು, ಬರೆಯುವಂತಿಲ್ಲ. ಆಧುನಿಕತೆಗೆ ಎಲ್ಲಿಯವರೆಗೆ ಪ್ರವೇಶ ಎಂಬುದನ್ನು ಸಂಪ್ರದಾಯ ಇಲ್ಲಿ ಬಹು ಸೂಕ್ಷ್ಮವಾಗಿ ಗೆರೆ ಎಳೆದು ತೋರಿಸಿದೆ.

ಇಷ್ಟು ಕಷ್ಟಪಟ್ಟು ಬರೆದದ್ದನ್ನು ಸುರುಳಿ ಸುತ್ತಿ ಗೂಡಿನಲ್ಲಿ ಮುಚ್ಚಿಡುತ್ತಾರೆ. ದಾರಿಹೋಕನಿಗೆ ಅದು ಓದಲಾರದ ಬರಹ. ಒಳಹೊರಗೆ ಓಡಾಡುವ ಮನೆಯವನು ಅದನ್ನು ಮುಟ್ಟಿ, ತನಗೆ ವಿಧಿಸಿದ್ದನ್ನು ನೆನೆಯುತ್ತಾನೆ. ಸಿಗಂದೂರಿನ ಫಲಕದ ದಿಕ್ಕು ಇದಕ್ಕೆ ತೀರ ವಿರುದ್ಧ. ಅದರ ಓದುಗ ಬೇಲಿಯ ಹೊರಗಿದ್ದಾನೆ. ಅವನು ಓದದಿದ್ದರೆ ಫಲಕಕ್ಕೆ ಕೆಲಸವಿಲ್ಲ. ತೋಟದ ಒಡೆಯನಿಗೆ ಅದು ಯಾವ ಕರ್ತವ್ಯವನ್ನೂ ಹೇಳುವುದಿಲ್ಲ. ಒಂದು ಬರಹ ಒಳಗಿನವನ ಮೇಲೆ ಹೊಣೆ ಹೊರಿಸಿದರೆ ಇನ್ನೊಂದು ಹೊರಗಿನವನಲ್ಲಿ ಭಯ ಹುಟ್ಟಿಸುತ್ತದೆ.

ಈ ಭೇದವನ್ನು ಯೆಹೂದ್ಯ ಪರಂಪರೆಯೇ ಸದಾ ಕಾಪಾಡಿಕೊಂಡಿಲ್ಲ. ಲೋಕದ ಅರಸನನ್ನು ಹೊರಗಿನಿಂದ ಸೇವಕರು ಕಾಯುತ್ತಾರೆ, ದೇವರಾದರೋ ಒಳಗಿರುವ ತನ್ನ ಸೇವಕರನ್ನು ತಾನೇ ಹೊರಗೆ ನಿಂತು ಕಾಯುತ್ತಾನೆ ಎಂಬ ವ್ಯಾಖ್ಯಾನ ತಾಲ್ಮುದ್‌ನಲ್ಲಿಯೇ ಇದೆ. ಮೆಜುಜಾದೊಳಗೆ ದೇವದೂತರ ಹೆಸರು ಸೇರಿಸುವವರೂ ಇದ್ದರು. 12ನೆಯ ಶತಮಾನದ ಮೈಮೊನಿಡೀಸ್ ಅವರನ್ನು ಕಟುವಾಗಿ ಖಂಡಿಸಿದ: ದೇವರ ಏಕತ್ವವನ್ನು ಸಾರುವ ವಿಧಿಯನ್ನು ಸ್ವಂತ ಲಾಭದ ತಾಯತವಾಗಿ ಇಳಿಸಿದರೆಂಬುದು ಅವನ ಆಕ್ಷೇಪ. ವಾದ ಅಲ್ಲಿಗೆ ಮುಗಿಯಲಿಲ್ಲ. 1974ರಲ್ಲಿ ಲುಬಾವಿಚ್ ಪಂಥದ ಗುರು ಮೆನಾಖೆಮ್ ಮೆಂಡೆಲ್ ಶ್ನೇರ್ಸನ್ ಮನೆಮನೆಗೂ ಸರಿಯಾದ ಮೆಜುಜಾ ಇರಬೇಕೆಂಬ ಅಭಿಯಾನ ಹೂಡಿದಾಗ ರಕ್ಷಣೆಯ ಅರ್ಥವೇ ಮತ್ತೆ ಮುನ್ನೆಲೆಗೆ ಬಂತು. ಆದ್ದರಿಂದ ಸಿಗಂದೂರಿನ ಫಲಕವನ್ನು ಮೂಢನಂಬಿಕೆಯೆಂದೂ ಮೆಜುಜಾವನ್ನು ಶುದ್ಧ ತತ್ತ್ವವೆಂದೂ ವಿಂಗಡಿಸುವುದು ಅವಸರದ ವಿಮರ್ಶೆಯಾದೀತು. ಕಾವಲಿನ ಆಸೆ ಎರಡೂ ಕಡೆ ಇದೆ. ಅದನ್ನು ಒಳಗಿನಿಂದಲೇ ಪ್ರಶ್ನಿಸುವ ಶಾಸ್ತ್ರಚರ್ಚೆ ಲಿಖಿತವಾಗಿ ಉಳಿದಿರುವುದು ಒಂದು ಕಡೆ.

ಹೋಲಿಕೆ ನಿಜವಾಗಿ ಫಲಿಸುವುದು ಬೇರೊಂದು ನೆಲೆಯಲ್ಲಿ. ಮೆಜುಜಾದ ಹೊಣೆ ಮನೆಯ ಒಡೆಯನದಲ್ಲ, ವಾಸಿಸುವವನದು ಎಂದು ತಾಲ್ಮುದ್ ನಿರ್ಣಯಿಸಿದೆ. ಇಸ್ರೇಲ್ ನಾಡಿನ ಹೊರಗೆ ಬಾಡಿಗೆಗಿರುವವನಿಗೆ 30 ದಿನಗಳ ವಿನಾಯಿತಿಯುಂಟು. ಆಮೇಲೆ ಅವನೂ ಕಟ್ಟುಬೀಳುತ್ತಾನೆ. ಇಂದಿನ ನಗರಗಳ ಬಾಡಿಗೆ ಫ್ಲ್ಯಾಟುಗಳಿಗೂ ಅನ್ವಯವಾಗುವುದು ಇದೇ ಸೂತ್ರ. ಸ್ವಾಮ್ಯದ ಪತ್ರವನ್ನು ಅದು ಕೇಳುವುದಿಲ್ಲ. ಸಿಗಂದೂರಿನ ಫಲಕವೂ ಪಹಣಿ ಕೇಳುವುದಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ನೆಲ ಕಳೆದುಕೊಂಡ ಕುಟುಂಬಗಳಲ್ಲಿ ಅನೇಕರಿಗೆ ಕೊಟ್ಟ ಜಾಗದ ಹಕ್ಕುಪತ್ರ ದಶಕಗಳ ಕಾಲ ಇತ್ಯರ್ಥವಾಗದೆ ಉಳಿಯಿತು. ಅಂಥ ಸೀಮೆಯಲ್ಲಿ ದೇವಿಯ ಹೆಸರಿನ ತಗಡು ಕಳ್ಳನನ್ನು ಹೆದರಿಸುವುದರ ಜೊತೆಗೆ ಇಲ್ಲಿ ಒಬ್ಬರು ಬಾಳುತ್ತಿದ್ದಾರೆಂದೂ ಸಾರುತ್ತದೆಂದು ಓದಲು ಅವಕಾಶವಿದೆ. ಈ ಓದಿಗೆ ಮೆಜುಜಾದ ನಿಯಮವೇ ದಾರಿ ತೋರಿಸುತ್ತದೆ.

ದಾರಿ ಕಡಿದುಹೋಗುವ ಜಾಗವೂ ಇದೆ. ಮನೆ ಬಿಡುವಾಗ ಮುಂದೆ ಬರುವವನೂ ಯೆಹೂದ್ಯನಾಗಿದ್ದರೆ ಮೆಜುಜಾವನ್ನು ಕಳಚದೆ ಅವನಿಗೆ ಬಿಟ್ಟು ಹೋಗಬೇಕೆಂಬುದು ವಿಧಿ. ಬಾಗಿಲಿಗೆ ಇನ್ನೊಬ್ಬ ವಾಸಿ ಬರುತ್ತಾನೆಂಬ ನಂಬಿಕೆ ಅದರ ತಳಹದಿ. ಶರಾವತಿಯ ಅಡಿ ಸೇರಿದ ಮನೆಗಳ ಬಾಗಿಲಿಗೆ ಅಂಥ ಮುಂದಿನವನಿಲ್ಲ. ಮೇಲಿನ ದಿಬ್ಬಕ್ಕೆ ಹತ್ತಿದವರು ಅಲ್ಲಿ ಹೊಸದಾಗಿ ಬೇಲಿ ಹಾಕಿದರು.