ವಿಹಾರೋದ್ಯಾನದಲ್ಲಿ ಪಂಕ್ತಿಭೇದ

ಥೀಮ್ ಪಾರ್ಕುಗಳೆಂದು ಹೆಸರಾದ ದೊಡ್ಡ ವಿಹಾರೋದ್ಯಾನಗಳಲ್ಲಿ ಹಿಂದೆ ಉಚಿತವಾಗಿ ದೊರೆಯುತ್ತಿದ್ದ ಸೌಕರ್ಯಗಳು ಒಂದೊಂದಾಗಿ ಮರೆಯಾಗಿ, ಸಣ್ಣಪುಟ್ಟ ಅನುಕೂಲಗಳಿಗೂ ಬೇರೆ ಬೇರೆ ಬೆಲೆ ಬಿದ್ದಿರುವುದನ್ನು ಕುರಿತು ಈಚಿನ ವರ್ಷಗಳಲ್ಲಿ ಬಹಳವಾಗಿ ಆಕ್ಷೇಪಣೆ ಕೇಳಿಬರುತ್ತಿದೆ. ಈ ಆಕ್ಷೇಪಣೆ ಸಾಮಾನ್ಯವಾಗಿ ಬೆಲೆ ಹೆಚ್ಚಾಯಿತೆಂಬ ದೂರಿನ ರೂಪವನ್ನು ತಾಳುತ್ತದೆ. ಅಂಥ ದೂರು ಎಲ್ಲ ಕಾಲದಲ್ಲಿಯೂ ಎಲ್ಲ ಪದಾರ್ಥದ ವಿಷಯದಲ್ಲಿಯೂ ಇರತಕ್ಕದ್ದೇ. ಅಷ್ಟೇ ಆಗಿದ್ದಲ್ಲಿ ಅದು ವಿಮರ್ಶೆಗೆ ವಸ್ತುವಾಗುತ್ತಿರಲಿಲ್ಲ. ನಮಗೆ ತೋರುವಂತೆ ಇಲ್ಲಿ ಬೆಲೆಯ ಸ್ವರೂಪವೇ ಮಾರ್ಪಟ್ಟಿದೆ. ಈ ಮಾರ್ಪಾಟನ್ನು ಅಮೆರಿಕದ ಡಿಸ್ನಿ ಉದ್ಯಾನಗಳ ನಿದರ್ಶನದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಆ ಉದ್ಯಾನಗಳನ್ನು ಆರಿಸಿಕೊಂಡುದಕ್ಕೆ ಕಾರಣಗಳು ಎರಡು: ಅವುಗಳ ಬೆಲೆಪದ್ಧತಿಯ ಚರಿತ್ರೆ ಸ್ಪಷ್ಟವಾಗಿ ದೊರೆಯುತ್ತದೆ; ಅರ್ಥಶಾಸ್ತ್ರಜ್ಞರೂ ಅದನ್ನು ಮುಂದಿಟ್ಟುಕೊಂಡು ವಿಚಾರ ಮಾಡಿದ್ದಾರೆ.

೧

ಕ್ಯಾಲಿಫೋರ್ನಿಯಾದ ಅನಹೈಮ್ ನಗರದಲ್ಲಿ ಡಿಸ್ನಿಲ್ಯಾಂಡ್ ೧೯೫೫ನೆಯ ಇಸವಿಯ ಜುಲೈ ತಿಂಗಳಿನಲ್ಲಿ ತೆರೆಯಿತು. ಅದು ಮೊದಲಿನಿಂದಲೂ ಒಂದೇ ಬೆಲೆಗೆ ಸಕಲವನ್ನೂ ಕೊಡುತ್ತಿದ್ದಿತೆಂಬ ಭಾವನೆ ಸರಿಯಲ್ಲ. ಪ್ರವೇಶಕ್ಕೆ ಒಂದು ಬೆಲೆ, ಒಳಗಿನ ಸವಾರಿಗಳಿಗೆ ಬೇರೆ ಬೆಲೆ ಎಂಬುದೇ ಅಲ್ಲಿನ ಮೊದಲ ಏರ್ಪಾಡು. ಅದೇ ವರ್ಷ ಅಕ್ಟೋಬರಿನಲ್ಲಿ ಚೀಟಿಗಳ ಪುಸ್ತಕ ಬಂದಿತು. ಸಣ್ಣ ಸವಾರಿಗೆ ‘ಎ’ ಚೀಟಿ, ಅದಕ್ಕಿಂತ ಮೇಲಾದುವಕ್ಕೆ ‘ಬಿ’ ಮತ್ತು ‘ಸಿ’. ೧೯೫೬ರಲ್ಲಿ ‘ಡಿ’, ೧೯೫೯ರಲ್ಲಿ ‘ಇ’ ಚೀಟಿಗಳು ಸೇರಿದುವು. ‘ಇ’ ಚೀಟಿ ಎಂದರೆ ಅತ್ಯುತ್ತಮವಾದುದು ಎಂಬ ಅರ್ಥ ಅಮೆರಿಕನರ ಆಡುಮಾತಿನಲ್ಲಿ ನೆಲೆಯೂರಿತು. ೧೯೮೩ರಲ್ಲಿ ಅಮೆರಿಕದ ಮೊದಲನೆಯ ಮಹಿಳಾ ಗಗನಯಾತ್ರಿಯಾದ ಸ್ಯಾಲಿ ರೈಡ್ ಅಂತರಿಕ್ಷಕ್ಕೇರಿದ ಅನುಭವವನ್ನು ಹೇಳುವಾಗ ಈ ಚೀಟಿಯನ್ನೇ ನೆನೆದರು. ಅಷ್ಟು ಹೊತ್ತಿಗೆ ಚೀಟಿ ಮಾತಿನಲ್ಲಿ ಮಾತ್ರ ಉಳಿದಿದ್ದಿತು. ೧೯೮೨ರಲ್ಲಿಯೇ ಪುಸ್ತಕವನ್ನು ಕೈಬಿಟ್ಟು, ಬಾಗಿಲಲ್ಲಿ ಒಂದು ಬೆಲೆ ತೆತ್ತರೆ ಒಳಗಿನ ಸವಾರಿಗಳೆಲ್ಲವೂ ಲಭ್ಯವೆಂಬ ಪದ್ಧತಿಯನ್ನು ಜಾರಿಗೆ ತಂದಿದ್ದರು. ಟೆಕ್ಸಾಸಿನ ಆರ್ಲಿಂಗ್ಟನ್ನಿನಲ್ಲಿ ೧೯೬೧ರಲ್ಲಿ ತೆರೆದ ಸಿಕ್ಸ್ ಫ್ಲ್ಯಾಗ್ಸ್ ಉದ್ಯಾನ ಈ ದಾರಿಯನ್ನು ಮೊದಲೇ ಹಿಡಿದಿದ್ದಿತು.

ಒಂದೇ ಬೆಲೆಯ ಪದ್ಧತಿಯಲ್ಲಿ ಹಣದ ಸ್ಥಾನವನ್ನು ಕಾಲವು ಆಕ್ರಮಿಸಿತು. ಸವಾರಿಗೆ ಬೆಲೆಯಿಲ್ಲದಾಗ ಸಾಲು ಬೆಳೆಯಿತು. ಇದರ ಪರಿಹಾರಕ್ಕಾಗಿ ೧೯೯೯ರಲ್ಲಿ ‘ಫಾಸ್ಟ್‌ಪಾಸ್’ ಬಂದಿತು. ಸವಾರಿಯ ಬಳಿಯ ಯಂತ್ರದಿಂದ ಚೀಟಿ ಪಡೆದು, ಅದರಲ್ಲಿ ಸೂಚಿಸಿದ ಹೊತ್ತಿಗೆ ಬಂದರೆ ಕಡಮೆ ಕಾಯ್ದು ಒಳಹೋಗಬಹುದಾಗಿದ್ದಿತು. ಚೀಟಿಗೆ ಬೆಲೆಯಿರಲಿಲ್ಲ. ಪ್ರವೇಶ ಪಡೆದ ಎಲ್ಲರಿಗೂ ಅದು ಸಲ್ಲುತ್ತಿದ್ದಿತು.

ಮುಂದಿನ ಘಟನೆಗಳನ್ನು ಸಂಗ್ರಹವಾಗಿ ಹೇಳಬಹುದು. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನ ಹೋಟೆಲುಗಳಲ್ಲಿ ತಂಗಿದವರಿಗೆ ರಾತ್ರಿ ಕಾರು ನಿಲ್ಲಿಸಲು ೨೦೧೮ರಲ್ಲಿ ಶುಲ್ಕ ಬಂದಿತು. ಅದೇ ಅತಿಥಿಗಳಿಗೆ ಪುಕ್ಕಟೆಯಾಗಿ ಕೊಡುತ್ತಿದ್ದ ಮ್ಯಾಜಿಕ್‌ಬ್ಯಾಂಡ್ ಎಂಬ ಕೈಪಟ್ಟಿ ೨೦೨೧ರ ಆರಂಭದಿಂದ ನಿಂತಿತು. ವಿಮಾನನಿಲ್ದಾಣದಿಂದ ಅವರನ್ನು ಕರೆತರುತ್ತಿದ್ದ, ೨೦೦೫ರಲ್ಲಿ ಆರಂಭವಾದ ಉಚಿತ ಬಸ್ಸಿನ ಏರ್ಪಾಡು ೨೦೨೨ರ ಆರಂಭಕ್ಕೆ ಕೊನೆಗೊಂಡಿತು. ೨೦೨೦ರ ಸಾಂಕ್ರಾಮಿಕದಲ್ಲಿ ಮುಚ್ಚಿದ ಉದ್ಯಾನಗಳು ಮತ್ತೆ ತೆರೆದಾಗ ಫಾಸ್ಟ್‌ಪಾಸ್ ಮರಳಿ ಬರಲಿಲ್ಲ. ಅದರ ಜಾಗದಲ್ಲಿ ೨೦೨೧ರ ಅಕ್ಟೋಬರಿನಲ್ಲಿ ತಲೆಗೆ ದಿನಕ್ಕೆ ೧೫ ಡಾಲರು ಬೆಲೆಯ ‘ಜೀನಿ ಪ್ಲಸ್’ ಬಂದಿತು. ೨೦೨೪ರ ಜುಲೈಯಲ್ಲಿ ಅದಕ್ಕೆ ‘ಲೈಟ್ನಿಂಗ್ ಲೇನ್ ಮಲ್ಟಿ ಪಾಸ್’ ಎಂದು ಹೆಸರಾಯಿತು. ಅದೇ ವರ್ಷದ ಕೊನೆಯಲ್ಲಿ, ಹೊತ್ತಿನ ನಿರ್ಬಂಧವೇ ಇಲ್ಲದ ‘ಪ್ರೀಮಿಯರ್ ಪಾಸ್’ ಬಂದಿತು. ಫ್ಲಾರಿಡಾದಲ್ಲಿ ಆಗ ಅದರ ಬೆಲೆ ದಿನಕ್ಕೂ ಉದ್ಯಾನಕ್ಕೂ ತಕ್ಕಂತೆ ಒಬ್ಬರಿಗೆ ೧೨೯ರಿಂದ ೪೪೯ ಡಾಲರುಗಳು; ಪ್ರವೇಶದ ಟಿಕೆಟ್ಟು ಬೇರೆ.

೨

ಈ ಬೆಳವಣಿಗೆಯನ್ನು ಸಮರ್ಥಿಸುವವರು ಅರ್ಥಶಾಸ್ತ್ರದ ಆಶ್ರಯವನ್ನು ಪಡೆಯುವುದುಂಟು. ಬೇಕಾದವನು ಬೇಕಾದುದಕ್ಕೆ ಹಣ ಕೊಡಲಿ, ಬೇಡವಾದವನ ತಲೆಯ ಮೇಲೆ ಅದರ ಭಾರ ಬೀಳದಿರಲಿ ಎಂಬುದು ಅವರ ವಾದ. ಆದಕಾರಣ ಶಾಸ್ತ್ರವು ನಿಜವಾಗಿ ಹೇಳುವುದೇನೆಂಬುದನ್ನು ನೋಡಬೇಕು.

ವಾಲ್ಟರ್ ಓಯ್ ೧೯೭೧ರಲ್ಲಿ, ಡಿಸ್ನಿಲ್ಯಾಂಡಿನಲ್ಲಿ ಚೀಟಿಯ ಪುಸ್ತಕ ಇನ್ನೂ ನಡೆಯುತ್ತಿದ್ದಾಗಲೇ, ಪ್ರವೇಶಕ್ಕೊಂದು ಸವಾರಿಗೊಂದು ಎಂಬ ಎರಡು ಭಾಗದ ಬೆಲೆಯನ್ನು ಕುರಿತು ಪ್ರಸಿದ್ಧವಾದ ಪ್ರಬಂಧವೊಂದನ್ನು ಪ್ರಕಟಿಸಿದರು. ಬರುವವರೆಲ್ಲರ ಅಭಿರುಚಿ ಒಂದೇ ಬಗೆಯಾಗಿದ್ದರೆ, ಏಕಸ್ವಾಮ್ಯವುಳ್ಳ ಮಾಲೀಕನು ಸವಾರಿಯ ಬೆಲೆಯನ್ನು ಸೀಮಾಂತ ವೆಚ್ಚದ ಮಟ್ಟಕ್ಕೆ ಇಳಿಸಿ, ತನ್ನ ಲಾಭವನ್ನೆಲ್ಲ ಬಾಗಿಲಲ್ಲಿಯೇ ಪಡೆಯುವುದು ಅವನಿಗೆ ಹಿತ. ಅಭಿರುಚಿಯೂ ಶಕ್ತಿಯೂ ಬೇರೆ ಬೇರೆಯಾಗಿರುವಲ್ಲಿ ಒಳಗಿನ ಬೆಲೆಯನ್ನು ವೆಚ್ಚಕ್ಕಿಂತ ಮೇಲೆ ಇಡುವುದು ಲಾಭಕರವಾಗಬಹುದು. ಇದರಿಂದ ತಿಳಿಯುವುದೇನು? ಒಳಗಿನ ಸಣ್ಣ ಶುಲ್ಕಗಳು ವೆಚ್ಚದ ಪ್ರತಿಬಿಂಬವಾಗಿರಲೇಬೇಕೆಂಬ ನಿಯಮವಿಲ್ಲ. ಜನರಲ್ಲಿರುವ ತಾರತಮ್ಯವನ್ನು ಗುರುತಿಸಿ ಅದರಿಂದ ಲಾಭ ತೆಗೆಯುವ ಸಾಧನವೂ ಅವು ಆಗಬಲ್ಲುವು.

ಜನಸಂದಣಿ ಇರುವುದರಿಂದಲೇ ಒಂದೇ ಬೆಲೆಯ ಪದ್ಧತಿ ಕೆಟ್ಟದ್ದು ಎಂಬ ವಾದವೂ ಪೂರ್ಣವಾಗಿ ನಿಲ್ಲುವುದಿಲ್ಲ. ರಾಬರ್ಟ್ ಬ್ಯಾರೋ ಮತ್ತು ಪಾಲ್ ರೋಮರ್ ೧೯೮೭ರಲ್ಲಿ, ಹಿಮದ ಬೆಟ್ಟಗಳಲ್ಲಿ ಜಾರುವವರನ್ನು ಮೇಲಕ್ಕೆ ಒಯ್ಯುವ ಲಿಫ್ಟುಗಳ ಬೆಲೆಯನ್ನು ವಿವೇಚಿಸುತ್ತ, ದಿನಕ್ಕೆ ಇಷ್ಟೆಂದು ತೆತ್ತ ಹಣವನ್ನು ದೊರೆತ ಸವಾರಿಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವುದೇ ಪ್ರತಿ ಸವಾರಿಯ ನಿಜವಾದ ಬೆಲೆಯೆಂದೂ, ಸಾಲು ಇದ್ದ ಮಾತ್ರಕ್ಕೆ ಪದ್ಧತಿ ಅದಕ್ಷವೆನ್ನಲಾಗದೆಂದೂ ತೋರಿಸಿದರು. ಶಾಸ್ತ್ರವು ಸಣ್ಣ ಶುಲ್ಕವನ್ನು ನಿಷೇಧಿಸುವುದಿಲ್ಲ, ನಿಜ. ಆದರೆ ಅದನ್ನು ವಿಧಿಸಲೇಬೇಕೆಂದೂ ಹೇಳುವುದಿಲ್ಲ.

೩

ಶುಲ್ಕಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಈ ಚರ್ಚೆಯ ದೊಡ್ಡ ದೋಷ. ಅವುಗಳಲ್ಲಿ ಮೂರು ಜಾತಿಗಳನ್ನು ನಾವು ಗುರುತಿಸುತ್ತೇವೆ.

ಮೊದಲನೆಯದು ವಸ್ತುವಿನ ಬೆಲೆ. ಹಳೆಯ ಚೀಟಿಗಳು ಈ ಜಾತಿಯವು. ‘ಇ’ ಚೀಟಿ ಕೊಟ್ಟವನಿಗೆ ಸವಾರಿ ದೊರೆಯಿತು. ಚೀಟಿ ಎಲ್ಲರಿಗೂ ಒಂದೇ ಬಗೆಯದು, ಕೊಟ್ಟವರೆಲ್ಲರೂ ಒಂದೇ ಸಾಲಿನಲ್ಲಿ ನಿಂತರು. ಇದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ.

ಎರಡನೆಯದು ಆತಿಥ್ಯದ ಹಿಂತೆಗೆತ. ಬಸ್ಸು, ಕೈಪಟ್ಟಿ, ಕಾರಿನ ತಂಗುದಾಣ ಇವು ಈ ಜಾತಿಯವು. ಅವುಗಳ ಮೊತ್ತ ದೊಡ್ಡದಲ್ಲ. ಮದುವೆಯ ಊಟಕ್ಕೆ ಕುಳಿತವನ ಮುಂದೆ ಉಪ್ಪಿನಕಾಯಿಗೆ ಬೇರೆ ಕಾಸು ಕೇಳಿದರೆ ನೋಯುವುದು ಕಾಸಿಗಾಗಿ ಅಲ್ಲ. ತಾನು ಅತಿಥಿಯೋ ಗಿರಾಕಿಯೋ ಎಂಬ ಸಂದೇಹ ಹುಟ್ಟುವುದರಿಂದ. ತನ್ನಲ್ಲಿಗೆ ಬರುವವರನ್ನು ಅತಿಥಿಗಳೆಂದೇ ಕರೆಯುವ ಸಂಸ್ಥೆಗೆ ಈ ಸಂದೇಹ ಅಲ್ಪವಾದ ನಷ್ಟವಲ್ಲ. ಒಂದು ಬೆಲೆ ತೆತ್ತು ಒಳಹೊಕ್ಕವನಿಗೆ ದೊರೆಯುತ್ತಿದ್ದ ಮುಖ್ಯವಾದ ಸುಖವೆಂದರೆ ಲೆಕ್ಕಾಚಾರದಿಂದ ಒಂದು ದಿನದ ಬಿಡುಗಡೆ. ಹೆಜ್ಜೆ ಹೆಜ್ಜೆಗೂ ಕೈ ಜೇಬಿಗೆ ಹೋಗುವಲ್ಲಿ ಆ ಬಿಡುಗಡೆಯಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. ಅದು ಸರದಿಯ ಮಾರಾಟ. ಒಂದು ಸವಾರಿ ಗಂಟೆಗೆ ಇಷ್ಟೇ ಮಂದಿಯನ್ನು ಹೊರಬಲ್ಲುದು. ಹಣ ಕೊಟ್ಟವನನ್ನು ಮುಂದೆ ಬಿಟ್ಟುದರಿಂದ ಆಸನಗಳ ಸಂಖ್ಯೆ ಹೆಚ್ಚುವುದಿಲ್ಲ. ಅವನಿಗೆ ಉಳಿದ ಹೊತ್ತು ಹಿಂದೆ ನಿಂತವರ ಮೇಲೆ ಬೀಳುತ್ತದೆ. ಎಂದರೆ ಇಲ್ಲಿ ಮಾರಾಟವಾಗುವ ಸರಕನ್ನು ಮಾಲೀಕನು ತಯಾರಿಸಿದುದಲ್ಲ, ಇತರ ಅತಿಥಿಗಳಿಂದ ತೆಗೆದುಕೊಂಡದ್ದು. ಉಚಿತವಾದ ಫಾಸ್ಟ್‌ಪಾಸಿನಲ್ಲಿಯೂ ಹೀಗೆಯೇ ಆಗುತ್ತಿದ್ದಿತಲ್ಲವೇ ಎಂದು ಕೇಳಬಹುದು. ಆಗುತ್ತಿದ್ದಿತು, ಆದರೆ ಒಂದು ಸವಾರಿಯಲ್ಲಿ ಹಿಂದುಳಿದವನೇ ಇನ್ನೊಂದರಲ್ಲಿ ಮುಂದಾಗುತ್ತಿದ್ದನು. ಈಗ ಮುಂದಾಗುವವನು ದಿನವೆಲ್ಲ ಮುಂದೆ, ಹಿಂದುಳಿದವನು ದಿನವೆಲ್ಲ ಹಿಂದೆ. ಅಲ್ಲದೆ ಸಾಮಾನ್ಯ ಸಾಲು ಉದ್ದವಾದಷ್ಟೂ ಈ ಸರಕಿಗೆ ಗಿರಾಕಿ ಹೆಚ್ಚು. ಉದ್ಯಾನದವರು ಬೇಕೆಂದೇ ಸಾಲನ್ನು ಬೆಳೆಸುತ್ತಾರೆಂದು ನಾವು ಹೇಳುವುದಿಲ್ಲ. ಅದನ್ನು ಮೊಟಕುಮಾಡುವ ಆಸಕ್ತಿ ಅವರಲ್ಲಿ ಕುಂದಲು ಕಾರಣವೊಂದು ಒದಗಿತೆಂದು ಮಾತ್ರ ಹೇಳುತ್ತೇವೆ.

ಇದಕ್ಕೆ ನಮ್ಮ ಭಾಷೆಯಲ್ಲಿ ಪಂಕ್ತಿಭೇದವೆಂಬ ಹೆಸರಿದೆ. ಒಂದೇ ಪಂಕ್ತಿಯಲ್ಲಿ ಕುಳಿತವರಿಗೆ ಬೇರೆ ಬೇರೆ ಬಗೆಯಾಗಿ ಬಡಿಸುವುದು ಪಂಕ್ತಿಭೇದ. ಜಾತಿಯ ಕಾರಣದಿಂದ ಈ ಶಬ್ದಕ್ಕೆ ಅಂಟಿರುವ ಕಹಿಯಾದ ಇತಿಹಾಸವನ್ನು ನಾವು ಬಲ್ಲೆವು. ಹಣದ ಭೇದವನ್ನು ಅದರೊಡನೆ ಸಮಗೊಳಿಸುವುದು ನಮ್ಮ ಅಭಿಪ್ರಾಯವಲ್ಲ. ಆದರೆ ಶಬ್ದವು ಸೂಚಿಸುವ ದೋಷ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಬೇರೆ ಮನೆಯಲ್ಲಿ ಬೇರೆ ಊಟ ಮಾಡಿದರೆ ಅದು ಭೇದವೆನಿಸದು. ಒಂದೇ ಎಲೆಸಾಲಿಗೆ ಕರೆದು ಕುಳ್ಳಿರಿಸಿ, ಒಬ್ಬನ ಎಲೆಯಿಂದ ತೆಗೆದು ಇನ್ನೊಬ್ಬನಿಗೆ ಬಡಿಸಿದರೆ ಅದು ಭೇದ.

೪

ಹೀಗಲ್ಲದೆ ಗತ್ಯಂತರವಿಲ್ಲವೆಂಬ ಮಾತಿಗೆ ಎರಡು ನಿದರ್ಶನಗಳು ಉತ್ತರ ಹೇಳುತ್ತವೆ. ಇಂಡಿಯಾನಾ ಸಂಸ್ಥಾನದ ಸಾಂಟಾ ಕ್ಲಾಸ್ ಎಂಬ ಸಣ್ಣ ಊರಿನಲ್ಲಿ ೧೯೪೬ರಲ್ಲಿ ಆರಂಭವಾದ ಹಾಲಿಡೇ ವರ್ಲ್ಡ್ ಉದ್ಯಾನವು ೨೦೦೦ದಿಂದ ಸಂದರ್ಶಕರಿಗೆ ತಂಪು ಪಾನೀಯಗಳನ್ನು ಬೇಕಾದಷ್ಟು ಉಚಿತವಾಗಿ ಕೊಡುತ್ತಿದೆ; ಅಲ್ಲಿ ಕಾರು ನಿಲ್ಲಿಸಲೂ ಬಿಸಿಲಿಗೆ ಹಚ್ಚುವ ಲೇಪಕ್ಕೂ ಹಣವಿಲ್ಲ. ಒಂದು ಲೋಟ ಪಾನೀಯದ ಸೀಮಾಂತ ವೆಚ್ಚ ಅತ್ಯಲ್ಪ. ಅಂಥದನ್ನು ಬಾಗಿಲ ಬೆಲೆಯಲ್ಲಿ ಅಡಗಿಸುವುದು ಓಯ್ ಅವರ ಮೊದಲ ಸೂತ್ರಕ್ಕೆ ಸಮೀಪವಾಗಿದೆ. ಎರಡನೆಯ ನಿದರ್ಶನ ಡಿಸ್ನಿ ಸಂಸ್ಥೆಯದೇ. ಹೋಟೆಲುಗಳಲ್ಲಿ ರಾತ್ರಿ ಕಾರು ನಿಲ್ಲಿಸುವುದಕ್ಕೆ ವಿಧಿಸಿದ್ದ ಶುಲ್ಕವನ್ನು ಅದು ೨೦೨೩ರ ಜನವರಿಯಲ್ಲಿ ತೆಗೆದುಹಾಕಿತು. ಲಾಭವನ್ನು ಬೆಳೆಸುವ ಉತ್ಸಾಹದಲ್ಲಿ ಬೆಲೆಗಳ ವಿಷಯದಲ್ಲಿ ತುಸು ಅತಿಯಾಗಿ ನಡೆದುಕೊಂಡಿರಬಹುದೆಂಬ ಅರ್ಥದ ಮಾತನ್ನು ಸಂಸ್ಥೆಯ ಅಂದಿನ ಮುಖ್ಯಾಧಿಕಾರಿ ಬಾಬ್ ಐಗರ್ ಅದೇ ವರ್ಷದ ಮಾರ್ಚಿಯಲ್ಲಿ ಆಡಿದರು. ಆದರೆ ಹಿಂದಿರುಗಿದುದು ಎರಡನೆಯ ಜಾತಿಯ ಶುಲ್ಕ; ಮೂರನೆಯದು ಆ ಮೇಲೆಯೂ ಬೆಳೆಯಿತೆಂಬುದನ್ನು ೨೦೨೪ರ ಪ್ರೀಮಿಯರ್ ಪಾಸು ತೋರಿಸುತ್ತದೆ.

ಈ ವಿಚಾರ ನಮ್ಮ ನಾಡಿಗೆ ದೂರವಾದುದಲ್ಲ. ಬಿಡದಿಯ ಬಳಿ ೨೦೦೫ರಲ್ಲಿ ತೆರೆದ ವಂಡರ್‌ಲಾ ಉದ್ಯಾನವೂ ಸಾಮಾನ್ಯ ಟಿಕೆಟ್ಟಿನೊಡನೆ ‘ಫಾಸ್ಟ್‌ಟ್ರ್ಯಾಕ್’ ಎಂಬ ಹೆಚ್ಚಿನ ಬೆಲೆಯ ಟಿಕೆಟ್ಟನ್ನು ಮಾರುತ್ತ ಬಂದಿದೆ. ಕಾಲೇಜಿನ ಒಂದು ತರಗತಿ ಒಂದೇ ಬಸ್ಸಿನಲ್ಲಿ ಇಂಥ ಉದ್ಯಾನಕ್ಕೆ ಪ್ರವಾಸ ಹೋಯಿತೆಂದಿಟ್ಟುಕೊಳ್ಳೋಣ. ಹತ್ತು ಮಂದಿ ಹೆಚ್ಚಿನ ಟಿಕೆಟ್ಟನ್ನು ಕೊಳ್ಳಬಲ್ಲರು, ಮೂವತ್ತು ಮಂದಿ ಕೊಳ್ಳಲಾರರು. ಬಾಗಿಲು ದಾಟಿದೊಡನೆ ತರಗತಿ ಎರಡಾಗುತ್ತದೆ. ಯಾರ ಮನೆಯ ಸ್ಥಿತಿ ಎಷ್ಟೆಂಬುದು ಅಂದಿನವರೆಗೆ ಅವರಿಗೆ ಅಷ್ಟಾಗಿ ತಿಳಿಯದೆ ಇದ್ದಿರಬಹುದು. ಆ ಸಂಜೆಗೆ ಎಲ್ಲರಿಗೂ ತಿಳಿದಿರುತ್ತದೆ.

ವ್ಯಾಪಾರವು ಲಾಭಕ್ಕಾಗಿ ಇದೆ. ಉದ್ಯಾನವು ಧರ್ಮಛತ್ರವಾಗಬೇಕೆಂದು ನಾವು ಕೇಳುವುದಿಲ್ಲ. ಬಾಗಿಲಲ್ಲಿ ಬೇಕಾದ ಬೆಲೆಯನ್ನು ಅದು ಬಹಿರಂಗವಾಗಿ ಕೇಳಲಿ. ಒಪ್ಪಿದವನು ಕೊಡುತ್ತಾನೆ, ಒಪ್ಪದವನು ಹಿಂದಿರುಗುತ್ತಾನೆ. ಹೆಚ್ಚಿನ ಬೆಲೆಯ ಬಾಗಿಲು ಬಡವನನ್ನು ಹೊರಗಿಡುತ್ತದೆಂಬ ಆಕ್ಷೇಪಣೆಯಲ್ಲಿ ಸತ್ಯವಿದೆ. ಅದಕ್ಕೆ ಪರಿಹಾರ ಬಾಗಿಲಿನ ಬೆಲೆಯಲ್ಲಿಯೇ ದೊರೆಯಬೇಕು. ಆತನನ್ನು ಒಳಗೆ ಬರಮಾಡಿಕೊಂಡು, ಹಣವುಳ್ಳವನಿಗೆ ಮಾರುವುದಕ್ಕಾಗಿ ಆತನ ಹೊತ್ತನ್ನು ತೆಗೆದುಕೊಳ್ಳುವುದು ಪರಿಹಾರವಲ್ಲ. ಸಣ್ಣ ಶುಲ್ಕಗಳನ್ನು ಪರೀಕ್ಷಿಸುವಾಗ ಅದು ಎಷ್ಟು ಎಂಬ ಪ್ರಶ್ನೆಗಿಂತ ಮೊದಲು, ಅದು ಯಾರಿಂದ ಏನನ್ನು ತೆಗೆದು ಯಾರಿಗೆ ಕೊಡುತ್ತದೆ ಎಂಬ ಪ್ರಶ್ನೆಯನ್ನು ಕೇಳಬೇಕೆಂದು ನಮ್ಮ ವಿದ್ಯಾರ್ಥಿಗಳಿಗೆ ಸೂಚಿಸುತ್ತೇವೆ.