ಸರೋವರಯಾತ್ರೆಗೆ ಮುನ್ನ ಓದತಕ್ಕ ಗ್ರಂಥಗಳು

ದೂರದ ಊರಿಗೆ ಹೊರಡುವವರು ಬುತ್ತಿ ಕಟ್ಟಿಕೊಳ್ಳುವಂತೆ ಒಂದೆರಡು ಗ್ರಂಥಗಳನ್ನೂ ಓದಿಕೊಂಡು ಹೋಗಬೇಕೆಂಬುದು ವಿದ್ಯಾವಂತರ ಮನೆಗಳಲ್ಲಿ ನಡೆದುಬಂದ ಮಾತು. ಮಾತು ಸರಿಯಾದುದೇ. ಆದರೆ ಹೋಗುವ ಮುನ್ನ ಓದತಕ್ಕುದು ಯಾವುದು, ಹಿಂದಿರುಗಿದ ಮೇಲೆ ಓದತಕ್ಕುದು ಯಾವುದು ಎಂಬ ವಿವೇಚನೆ ಮಾತ್ರ ಅಪೂರ್ವ. ಕಣ್ಣನ್ನು ತೆರೆಯಿಸುವ ಪುಸ್ತಕಗಳುಂಟು. ಕಣ್ಣಿಗೂ ನೋಟಕ್ಕೂ ನಡುವೆ ಪರದೆಯಾಗಿ ನಿಲ್ಲುವ ಪುಸ್ತಕಗಳೂ ಉಂಟು. ಎರಡೂ ಉತ್ತಮ ಕೃತಿಗಳೇ ಆಗಿರಬಹುದು. ಹೊತ್ತು ತಪ್ಪಿದರೆ ಒಳ್ಳೆಯ ಊಟವೂ ಅಜೀರ್ಣವಾಗುವುದಷ್ಟೆ.

ಈ ವಿವೇಚನೆಗೆ ಇಂಗ್ಲೆಂಡಿನ ಸರೋವರ ಪ್ರಾಂತ್ಯಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ಆ ದೇಶದ ವಾಯವ್ಯ ಮೂಲೆಯಲ್ಲಿ ಬೆಟ್ಟಗಳ ನಡುವೆ ವಿಂಡರ್ಮಿಯರ್, ಅಲ್ಸ್‌ವಾಟರ್, ಡರ್ವೆಂಟ್‌ವಾಟರ್, ಕಾನಿಸ್ಟನ್, ಗ್ರಾಸ್ಮಿಯರ್ ಮೊದಲಾದ ಸರಸ್ಸುಗಳಿಂದ ಶೋಭಿಸುವ ಈ ಸೀಮೆಯು 1951ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿತು; 2017ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕನ್ನಡ ವಾಚಕರಿಗೆ ಅದು ಅಪರಿಚಿತವಲ್ಲ. ಪಾಲ್‌ಗ್ರೇವನು 1861ರಲ್ಲಿ ಪ್ರಕಟಿಸಿದ ಗೋಲ್ಡನ್ ಟ್ರೆಷರಿ ಎಂಬ ಸಂಕಲನವು ಕಾಲೇಜುಗಳ ಮೂಲಕ ಇಲ್ಲಿಯ ಮನೆಗಳನ್ನು ಹೊಕ್ಕಿತು. 1926ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಹೊರಬಂದು, ಆ ಕಾವ್ಯದ ಗಾಳಿ ಕನ್ನಡದಲ್ಲಿಯೇ ಬೀಸಿತು. ಡ್ಯಾಫೊಡಿಲ್ ಎಂಬ ಹೂವನ್ನು ಕಣ್ಣಿನಿಂದ ಕಾಣದವರೂ ಅದರ ಮೇಲಿನ ಪದ್ಯವನ್ನು ಬಾಯಿಪಾಠ ಮಾಡಿ ಪರೀಕ್ಷೆ ಕೊಟ್ಟಿದ್ದಾರೆ. ಈಗಲಾದರೋ ಇಂಗ್ಲೆಂಡಿನಲ್ಲಿ ನೆಲೆಸಿದ ಮಗನನ್ನೋ ಮಗಳನ್ನೋ ನೋಡಲೆಂದು ಹೋದ ತಾಯಿತಂದೆಯರು ನಾಲ್ಕು ದಿನ ಆ ಕೊಳಗಳ ದಡದಲ್ಲಿ ಕಳೆದು ಬರುವುದುಂಟು. ಅಂಥವರು ಹೊರಡುವ ಮುನ್ನ ಕೈಗೆತ್ತಿಕೊಳ್ಳುವುದು ಸಾಮಾನ್ಯವಾಗಿ ಅದೇ ಪದ್ಯವನ್ನು. ಅದು ಯೋಗ್ಯವಾದ ಆರಂಭವಲ್ಲವೆಂಬುದೇ ಇಲ್ಲಿ ಪ್ರತಿಪಾದಿಸತಕ್ಕ ವಿಷಯ.

ಗ್ರಂಥವು ನೋಟಕ್ಕೆ ಅಡ್ಡಬರುವ ರೀತಿಯನ್ನು ಆ ಪ್ರಾಂತ್ಯದ ಚರಿತ್ರೆಯೇ ತೋರಿಸಿಕೊಡುತ್ತದೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಸೃಷ್ಟಿಸೌಂದರ್ಯವನ್ನು ಚಿತ್ರಪಟದಂತೆ ನೋಡುವ ಅಭಿರುಚಿ ಇಂಗ್ಲೆಂಡಿನಲ್ಲಿ ಹಬ್ಬಿತು. 1778ರಲ್ಲಿ ಥಾಮಸ್ ವೆಸ್ಟ್ ಎಂಬಾತನು ಬರೆದ ಮಾರ್ಗದರ್ಶಿಯು ಪ್ರತಿಯೊಂದು ಸರೋವರಕ್ಕೂ ಇಂತಿಂಥ ಕಡೆ ನಿಂತು ನೋಡಬೇಕೆಂದು ಸ್ಥಾನಗಳನ್ನು ಗೊತ್ತುಮಾಡಿತು. ಯಾತ್ರಿಕನು ಒಂದು ವಿಶೇಷ ಕನ್ನಡಿಯನ್ನು ಜೊತೆಗೊಯ್ಯಬೇಕೆಂದೂ ಅದು ಬೋಧಿಸಿತು. ತುಸು ಉಬ್ಬಿದ, ಕಪ್ಪು ಛಾಯೆಯ ಆ ಗಾಜು ಫ್ರೆಂಚ್ ಚಿತ್ರಕಾರ ಕ್ಲೋಡನ ಹೆಸರಿನಿಂದ ಪ್ರಸಿದ್ಧವಾಗಿತ್ತು. ಅದನ್ನು ಹಿಡಿದವನು ಸರೋವರಕ್ಕೆ ಬೆನ್ನು ಮಾಡಿ ನಿಂತು, ಕನ್ನಡಿಯೊಳಗಿನ ಪ್ರತಿಬಿಂಬವನ್ನು ನೋಡಿ ತಣಿಯಬೇಕು! ನೂರಾರು ಮೈಲಿ ದೂರದಿಂದ ಬಂದು ದೇವರಿಗೆ ಬೆನ್ನು ತಿರುಗಿಸಿದ ಹಾಗಾಯಿತು. ಇಂಥದೇ ಗಾಜನ್ನು ಹಿಡಿದು 1769ರಲ್ಲಿ ಅಲ್ಲಿಗೆ ಹೋದ ಗ್ರೇ ಕವಿಯು ಕೆಸಿಕ್ ಎಂಬ ಊರಿನ ಕೆಸರು ಓಣಿಯೊಂದರಲ್ಲಿ ಅಂಗಾತ ಬಿದ್ದು ಬೆರಳ ಗಿಣ್ಣುಗಳನ್ನು ನೋಯಿಸಿಕೊಂಡನು. ಆದರೂ ಎದ್ದು ನಿಂತು, ಸೂರ್ಯಾಸ್ತವನ್ನು ನೋಡಿಯೇ ಹಿಂದಿರುಗಿದನು. ಈ ಸಂಗತಿಯನ್ನು ಆತನೇ ತನ್ನ ದಿನವರದಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿಟ್ಟಿರುವನು. ಆದಕಾರಣ ಆ ವರದಿ ಇಂದಿಗೂ ಓದಲು ಯೋಗ್ಯ. ವೆಸ್ಟನ ಪುಸ್ತಕವಾದರೋ ಈಗ ಚರಿತ್ರೆಯ ಕುತೂಹಲಕ್ಕೆ ಮಾತ್ರ ಸಾಕು.

ಹಾಗಾದರೆ ಮೊದಲು ಓದತಕ್ಕುದು ಯಾವುದು? ವರ್ಡ್ಸ್‌ವರ್ತ್ ಕವಿಯ ತಂಗಿ ಡಾರತಿಯ ಗ್ರಾಸ್ಮಿಯರ್ ದಿನಚರಿಯೆಂದು ನಿಸ್ಸಂದೇಹವಾಗಿ ಹೇಳಬಹುದು. ಅಣ್ಣತಂಗಿಯರು 1799ರ ಡಿಸೆಂಬರಿನಲ್ಲಿ ಗ್ರಾಸ್ಮಿಯರಿನ ದಡದ ಒಂದು ಚಿಕ್ಕ ಮನೆಯಲ್ಲಿ ಸಂಸಾರ ಹೂಡಿದರು. ಇಂದು ಅದು ಡವ್ ಕಾಟೇಜ್ ಎಂದು ಹೆಸರಾಗಿದೆ. ಡಾರತಿಯು 1800ರ ಮೇ ತಿಂಗಳಿಂದ 1803ರ ಜನವರಿಯವರೆಗೆ ಅಲ್ಲಿಯ ದಿನಗಳನ್ನು ಬರೆದಿಟ್ಟಳು. ಅಚ್ಚಾಗಬೇಕೆಂದು ಬರೆದುದಲ್ಲ; ಆಕೆ ಬದುಕಿದ್ದಾಗ ಆ ದಿನಚರಿ ಗ್ರಂಥರೂಪದಲ್ಲಿ ಬರಲೂ ಇಲ್ಲ. ರೊಟ್ಟಿ ಸುಟ್ಟುದು, ಬಟ್ಟೆಗೆ ಇಸ್ತ್ರಿ ಮಾಡಿದುದು, ಅವರೆಯ ಬಳ್ಳಿಗೆ ಕಡ್ಡಿ ನೆಟ್ಟುದು, ಅಣ್ಣನ ತಲೆನೋವು, ಬಾಗಿಲಿಗೆ ಬಂದ ಭಿಕ್ಷುಕಿ ಇವೆಲ್ಲ ಅದರಲ್ಲಿ ಚಂದ್ರೋದಯದ ಪಕ್ಕದಲ್ಲಿಯೇ ಕುಳಿತಿವೆ. ಸರೋವರವು ಆಕೆಗೆ ನೋಡಲು ಬಂದ ದೃಶ್ಯವಲ್ಲ, ನೆರೆಮನೆ. ನೀರಿನ ಬಣ್ಣ ಬೆಳಗ್ಗೆ ಒಂದು, ಸಂಜೆ ಒಂದು ಎಂಬುದನ್ನು ಆಕೆ ಮನೆಗೆಲಸದ ನಡುವೆ ತಲೆಯೆತ್ತಿ ಕಂಡವಳು. ಉಪಮೆಗಾಗಿ ಹುಡುಕಾಡುವುದಿಲ್ಲ, ಕಂಡುದನ್ನು ಕಂಡಷ್ಟೇ ಹೇಳಿ ನಿಲ್ಲಿಸುತ್ತಾಳೆ. ಇಂತಹ ಸಂಯಮ ಹೆಸರಾಂತ ಗದ್ಯಕಾರರಲ್ಲಿಯೂ ವಿರಳ.

1802ರ ಏಪ್ರಿಲ್ 15ನೆಯ ದಿನದ ಬರಹವು ಪ್ರಸಿದ್ಧವಾದುದು. ಅಣ್ಣತಂಗಿಯರು ಬಿರುಗಾಳಿಯಲ್ಲಿ ಅಲ್ಸ್‌ವಾಟರಿನ ಅಂಚಿನಲ್ಲಿ ನಡೆದು ಬರುತ್ತಿದ್ದರು. ನೀರಿನ ಹತ್ತಿರ ಮೊದಲು ನಾಲ್ಕಾರು ಡ್ಯಾಫೊಡಿಲ್ ಹೂಗಳು ಕಂಡವು. ಅಲೆಗಳು ಬೀಜವನ್ನು ದಡಕ್ಕೆ ತಂದಿರಬಹುದೆಂದು ಅವರು ಊಹಿಸಿದರು. ಮುಂದೆ ಹೋದಂತೆ ಹೂಗಳು ಹೆಚ್ಚುತ್ತ, ದಡದುದ್ದಕ್ಕೂ ಪಟ್ಟಿಯಾಗಿ ಹಬ್ಬಿದ್ದುದು ಕಾಣಿಸಿತು. ಕೆಲವು ದಣಿದವರಂತೆ ಕಲ್ಲಿಗೆ ತಲೆಯಾನಿಸಿದ್ದವೆಂದೂ ಉಳಿದವು ಗಾಳಿಗೆ ತೊನೆದು ಕುಣಿದವೆಂದೂ ಡಾರತಿ ಬರೆಯುತ್ತಾಳೆ. ಅಲ್ಲಿಗೇ ಮುಗಿಸದೆ, ಆ ರಾತ್ರಿ ತಂಗಿದ ಛತ್ರದ ಒಡತಿಯ ಸಿಡುಕುಮೋರೆ, ಉಂಡ ಊಟ, ತೆತ್ತ ಹಣ, ಎಲ್ಲವನ್ನೂ ಸೇರಿಸುತ್ತಾಳೆ. ಓದಿದವರಿಗೆ ಆ ದಿನವು ಇಡಿಯಾಗಿ ದೊರೆಯುತ್ತದೆ.

ಅಣ್ಣನು ಇದೇ ಅನುಭವವನ್ನು ಪದ್ಯವಾಗಿಸಿದುದು ಸುಮಾರು ಎರಡು ವರ್ಷಗಳ ಬಳಿಕ, ಅಚ್ಚಾದುದು 1807ರಲ್ಲಿ, ಈಗ ಪ್ರಚಾರದಲ್ಲಿರುವ ನಾಲ್ಕು ಪದ್ಯಖಂಡಗಳ ರೂಪ ಬಂದುದು 1815ರಲ್ಲಿ. ಪದ್ಯದಲ್ಲಿ ಕವಿಯು ಒಂಟಿ. ತಂಗಿಯಿಲ್ಲ, ಬಿರುಗಾಳಿಯಿಲ್ಲ, ದಣಿದ ಹೂವಿಲ್ಲ. ಒಳಗಣ್ಣಿನ ವಿಷಯವಾದ ಎರಡು ಸಾಲುಗಳು, ಅವೇ ಪದ್ಯದ ಜೀವ, ತನ್ನ ಹೆಂಡತಿ ಮೇರಿಯವು ಎಂದು ಕವಿಯೇ ತಿಳಿಸಿದ್ದಾನೆ. ಇದರಿಂದ ಆತನನ್ನು ಅಪ್ರಾಮಾಣಿಕನೆನ್ನುವುದು ತಪ್ಪು. ಆತನು ವರದಿಯನ್ನು ಬರೆಯಲಿಲ್ಲ, ನೆನಪಿನ ಮಹಿಮೆಯನ್ನು ಬರೆದನು. ಅಂದು ಕಂಡ ಸಂಪತ್ತಿನ ಬೆಲೆ ಅಂದು ತಿಳಿಯಲಿಲ್ಲ; ಎಷ್ಟೋ ಕಾಲದ ಮೇಲೆ ಮನೆಯಲ್ಲಿ ಸುಮ್ಮನೆ ಒರಗಿದ್ದಾಗ ತಿಳಿಯಿತು ಎಂಬುದೇ ಆ ಪದ್ಯದ ತಿರುಳು. ಹಾಗಿರುವಲ್ಲಿ ಅದು ಯಾತ್ರೆಗೆ ಮುನ್ನ ಓದತಕ್ಕ ಪದ್ಯ ಹೇಗಾದೀತು? ಕಾಣದ ನೋಟವನ್ನು ನೆನೆಯುವ ಬಗೆ ಯಾವುದು? ಮೊದಲೇ ಓದಿಕೊಂಡು ಹೋದವನಿಗೆ ಎರಡು ಗತಿಗಳುಂಟು. ವಸಂತದಲ್ಲಿ ಹೋದನೋ, ಹೂವಿನಲ್ಲಿ ಪದ್ಯವನ್ನೇ ಕಂಡು ಹೂವನ್ನು ಕಾಣದೆ ಬರುವನು. ಮಕ್ಕಳ ರಜೆಗೆಂದು ಜೂನ್ ಜುಲೈ ತಿಂಗಳುಗಳಲ್ಲಿ ಹೋದನೋ, ಹೂವು ಮುಗಿದುಹೋಗಿರುವುದನ್ನು ಕಂಡು, ಎದುರಿಗಿರುವ ನೀರು ಬೆಟ್ಟಗಳನ್ನೂ ಲೆಕ್ಕಿಸದೆ, ಮೋಸಹೋದವನಂತೆ ಹಿಂದಿರುಗುವನು. ಕ್ಲೋಡನ ಕನ್ನಡಿ ಬೇರೆಯಲ್ಲ, ಈ ಪೂರ್ವಪಠನ ಬೇರೆಯಲ್ಲ.

ಎರಡನೆಯದಾಗಿ ಓದತಕ್ಕುದು ವರ್ಡ್ಸ್‌ವರ್ತನ ಗದ್ಯ. ಆತನ ಸರೋವರ ಮಾರ್ಗದರ್ಶಿಯು 1810ರಲ್ಲಿ ವಿಲ್ಕಿನ್ಸನ್ ಎಂಬ ಪಾದ್ರಿಯ ಚಿತ್ರಸಂಪುಟಕ್ಕೆ ಹೆಸರಿಲ್ಲದ ಮುನ್ನುಡಿಯಾಗಿ ಹುಟ್ಟಿ, 1822ರಲ್ಲಿ ಸ್ವತಂತ್ರ ಗ್ರಂಥವಾಗಿ, 1835ರ ವೇಳೆಗೆ ಐದನೆಯ ಮುದ್ರಣವನ್ನು ಕಂಡಿತು. ಒಬ್ಬ ಪಾದ್ರಿಯು ಕವಿಯನ್ನು ಭೇಟಿಯಾಗಿ, ಈ ಮಾರ್ಗದರ್ಶಿಯ ಹೊರತು ತಾವು ಬೇರೇನಾದರೂ ಬರೆದಿರುವುದುಂಟೆ ಎಂದು ಕೇಳಿದನಂತೆ. ಪದ್ಯಗಳನ್ನು ಬರೆದಿರುವೆನೆಂದು ಕವಿಯು ವಿನಯದಿಂದ ಉತ್ತರವಿತ್ತನಂತೆ. ಕತೆಯನ್ನು ಹೇಳಿರುವವನು ಮ್ಯಾಥ್ಯೂ ಆರ್ನಲ್ಡ್. ನಗುವ ಮಾತಾದರೂ ಗ್ರಂಥದ ಯೋಗ್ಯತೆ ಅದರಿಂದ ತಿಳಿಯುತ್ತದೆ. ಕಣಿವೆಗಳು ನಡುವಣ ಬೆಟ್ಟದಿಂದ ಗಾಲಿಯ ಅರಗಳಂತೆ ಸುತ್ತಲೂ ಹೊರಡುವುದನ್ನು ಆತನು ಒಂದೇ ನೋಟದಲ್ಲಿ ಹಿಡಿದು ತೋರಿಸುತ್ತಾನೆ. ರೈತರ ಕಲ್ಲುಮನೆಗಳು ಕಟ್ಟಿದಂತಿರದೆ ಬಂಡೆಯಿಂದಲೇ ಬೆಳೆದಂತಿರುವುದನ್ನು ಮೆಚ್ಚುತ್ತಾನೆ. ಹಣವಂತರು ಬಂದು ಬೆಳ್ಳನೆ ಬಳಿದ ಮನೆಗಳಿಂದಲೂ ಸಾಲುನೆಟ್ಟ ಲಾರ್ಚ್ ಮರಗಳಿಂದಲೂ ನಾಡಿನ ಮುಖವನ್ನು ಕೆಡಿಸುವುದನ್ನು ಕಂಡು ಸಿಡಿಮಿಡಿಗೊಳ್ಳುತ್ತಾನೆ. ಜನರು ಮುಗಿಬೀಳುವ ನಡುಬೇಸಗೆಯನ್ನು ಬಿಟ್ಟು, ಮೇ ಕೊನೆಯಿಂದ ಜೂನ್ ನಡುವಿನವರೆಗೂ ಮತ್ತೆ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿಯೂ ಹೋಗಬೇಕೆಂಬ ಸಲಹೆ ಇಂದಿಗೂ ಉಪಯುಕ್ತ.

ಆದರೆ ಈ ಗ್ರಂಥವನ್ನು ಪೂಜಾಬುದ್ಧಿಯಿಂದ ಓದಲಾಗದು. ನೋಡುವ ಕಣ್ಣೂ ಸವಿಯುವ ಹೃದಯವೂ ಉಳ್ಳ ಪ್ರತಿಯೊಬ್ಬನಿಗೂ ಈ ಪ್ರಾಂತ್ಯದಲ್ಲಿ ಹಕ್ಕುಂಟೆಂಬ ಭಾವವನ್ನು ಅದರಲ್ಲಿ ಪ್ರಕಟಿಸಿದವನೇ, 1844ರಲ್ಲಿ ಕೆಂಡಲಿನಿಂದ ವಿಂಡರ್ಮಿಯರಿಗೆ ರೈಲುಮಾರ್ಗ ಹಾಕುವರೆಂದಾಗ ಪತ್ರಿಕೆಗಳಲ್ಲಿ ಅದನ್ನು ಪ್ರತಿಭಟಿಸಿದನು. ಗಿರಣಿಯ ಕೆಲಸಗಾರರನ್ನು ಗುಂಪುಗುಂಪಾಗಿ ತಂದಿಳಿಸಿದರೆ ಅವರಿಗೂ ಪ್ರಯೋಜನವಿಲ್ಲ, ನಾಡಿಗೂ ಕೇಡು ಎಂಬುದು ಆತನ ವಾದ. 1847ರಲ್ಲಿ ರೈಲು ಬಂದೇ ಬಂದಿತು. ಆಂಬಲ್‌ಸೈಡಿನಲ್ಲಿ ನೆಲೆಸಿದ್ದ ಹ್ಯಾರಿಯೆಟ್ ಮಾರ್ಟಿನೋ ಅದನ್ನು ಸ್ವಾಗತಿಸಿದವಳು. 1855ರಲ್ಲಿ ಆಕೆ ಬರೆದ ಮಾರ್ಗದರ್ಶಿಯು ಹಾಗೆ ಬಂದಿಳಿಯುವವರಿಗೂ ಸಲ್ಲುವಂಥದು. ಹೃದಯವುಳ್ಳವನು ಯಾರು ಎಂಬುದನ್ನು ಮೊದಲೇ ಬಂದು ನೆಲೆಸಿದವನು ತೀರ್ಮಾನಿಸತಕ್ಕುದೇ? ಈ ಪ್ರಶ್ನೆಯನ್ನು ವಾಚಕನು ಜೊತೆಗೊಯ್ಯುವುದು ಒಳ್ಳೆಯದು. ಏಕೆಂದರೆ ದೂರದಿಂದ ಹೋಗುವ ತಾನೂ ಆ ಗುಂಪಿನಲ್ಲೊಬ್ಬನು. ಆದರೂ ಮುದುಕ ಕವಿಯ ಭಯವು ಬರಿಯ ಹಟವಾಗಿರಲಿಲ್ಲ. ಆತನು ತೀರಿಕೊಂಡ ಮೇಲೆ, 1879ರ ಶಾಸನದ ಬಲದಿಂದ ಥರ್ಲ್ಮಿಯರ್ ಸರಸ್ಸಿಗೆ ಕಟ್ಟೆ ಕಟ್ಟಿ, 1894ರಲ್ಲಿ ಅದರ ನೀರನ್ನು ಮ್ಯಾಂಚೆಸ್ಟರ್ ನಗರಕ್ಕೆ ಒಯ್ದರು. ಹಳೆಯ ದಡವು ನೀರಿನಡಿಯಾಯಿತು. ನಗರದವರ ಬಾಯಾರಿಕೆಯೂ ನಿಜ, ಮುಳುಗಿದ ದಡವೂ ನಿಜ.

ಮೂರನೆಯದು ಒಂದು ಕಥನಕವನ: 1800ರಲ್ಲಿ ರಚಿತವಾದ 'ಮೈಕೇಲ್'. ಗ್ರಾಸ್ಮಿಯರಿನ ಮೇಲಣ ಕಣಿವೆಯ ಮುದುಕ ಕುರುಬ, ಸಾಲದ ಹೊರೆ, ಹೊಲವನ್ನು ಉಳಿಸಲೆಂದು ಪಟ್ಟಣಕ್ಕೆ ಹೋಗಿ ಕೆಟ್ಟ ಮಗ, ಮುಗಿಯದೆ ಉಳಿದ ಕುರಿದೊಡ್ಡಿಯ ಕಲ್ಲುರಾಶಿ, ಇಷ್ಟೇ ಕತೆ. ತಮ್ಮ ತುಂಡು ಭೂಮಿಯನ್ನು ತಾವೇ ಉಳುವ ಜನರ ಕುಲ ಅಳಿಯುತ್ತಿದೆಯೆಂದು ತಿಳಿಸಿ ಕವಿಯು 1801ರಲ್ಲಿ ಈ ಕವನವುಳ್ಳ ಸಂಪುಟವನ್ನು ರಾಜಕಾರಣಿ ಫಾಕ್ಸನಿಗೆ ಕಳುಹಿಸಿದನು. ಹೊಲ ಮಾರಿದ ನೋವನ್ನು ಬಲ್ಲ ಕನ್ನಡ ಮನೆಗಳಿಗೆ ಇದರ ವ್ಯಾಖ್ಯಾನ ಬೇಡ. ಇದನ್ನು ಓದಿದವನು ಬೆಟ್ಟದಲ್ಲಿ ಕಲ್ಲುಗೋಡೆಯನ್ನು ಕಂಡಾಗ ಅದರ ಹಿಂದಿನ ಕೈಗಳನ್ನೂ ನೆನೆಯುವನು. ಸರೋವರವು ಜನವಿಲ್ಲದ ಚಿತ್ರವೆಂದು ಭ್ರಮಿಸನು. ಮಕ್ಕಳು ಜೊತೆಯಲ್ಲಿದ್ದರೆ ಆರ್ಥರ್ ರ್‍ಯಾನ್ಸಮ್ 1930ರಲ್ಲಿ ಪ್ರಕಟಿಸಿದ 'ಸ್ವಾಲೋಸ್ ಅಂಡ್ ಅಮೆಜಾನ್ಸ್' ಅವರಿಗೆ ಸಾಕು; ವಿಂಡರ್ಮಿಯರ್, ಕಾನಿಸ್ಟನ್‌ಗಳೆರಡನ್ನೂ ಬೆರೆಸಿ ಕಲ್ಪಿಸಿದ ಕೊಳದಲ್ಲಿ ಮಕ್ಕಳೇ ದೋಣಿ ನಡೆಸುವ ಕತೆ ಅದು. ಡಿ ಕ್ವಿನ್ಸಿಯ ಸ್ಮರಣೆಗಳು ಸ್ವಾರಸ್ಯವುಳ್ಳವಾದರೂ ನೀರಿಗಿಂತ ನೆರೆಯವರ ಮನೆವಾರ್ತೆಯೇ ಅವುಗಳಲ್ಲಿ ಹೆಚ್ಚು, ಅವು ಕಾಯಬಲ್ಲವು.

ಹೀಗೆ ದಿನಚರಿ, ಮಾರ್ಗದರ್ಶಿ, ಕುರುಬನ ಕತೆ ಈ ಮೂರನ್ನು ಓದಿಕೊಂಡು, ಹೂವಿನ ಪದ್ಯವನ್ನು ಮನೆಯಲ್ಲಿಯೇ ಬಿಟ್ಟು ಹೊರಡುವುದು ಲೇಸು. ಬಾಯಿಪಾಠವಾದುದನ್ನು ಬಿಡುವುದು ಹೇಗೆಂದರೆ, ಕಡೆಯ ಪಕ್ಷ ಅದನ್ನು ದಡದಲ್ಲಿ ನಿಂತು ಒಪ್ಪಿಸದಿರಬಹುದು. ಹಿಂದಿರುಗಿ ಬಂದು, ಪ್ರಯಾಣದ ಬಟ್ಟೆಬರೆ ಒಗೆದು ಒಣಗಿ, ಊರಿನ ಕೆಲಸಗಳು ಮತ್ತೆ ಕೈಹಿಡಿದ ಮೇಲೆ ಎಂದಾದರೊಂದು ಮಧ್ಯಾಹ್ನ ಆ ಪುಸ್ತಕವನ್ನು ತೆರೆಯಲಿ. ಪರೀಕ್ಷೆಗೆಂದು ಓದಿದ ಪದ್ಯವು ಆಗ ಮೊದಲ ಬಾರಿಗೆ ಕಾವ್ಯವಾಗಿ ಕಾಣಿಸೀತು.